ವಾಂಡಿವಾಷ್ ಕದನ: ಫ್ರೆಂಚರ ಸೋಲಿನ ಕಾರಣಗಳು

ದಕ್ಷಿಣ ಭಾರತದಲ್ಲಿ ಇಂಗ್ಲಿಷರಿಗೂ ಫ್ರೆಂಚರಿಗೂ ನಡೆದ ಮೂರನೆಯ ಕರ್ನಾಟಿಕ್ ಯುದ್ಧದ ಬಗ್ಗೆ ಬರೆಯುವಾಗ ನಮ್ಮಲ್ಲಿ ಅನೇಕರು 1760ರ ಜನವರಿ 22ರಂದು ವಾಂಡಿವಾಷ್‌ನಲ್ಲಿ (ಇಂದಿನ ತಮಿಳುನಾಡಿನ ವಂದವಾಸಿ) ಇಂಗ್ಲಿಷ್ ಸೇನಾನಿ ಐರ್ ಕೂಟ್ ಫ್ರೆಂಚ್ ಸೇನಾಪತಿ ಲಾಲಿಯನ್ನು ಸೋಲಿಸಿದನೆಂದು ಹೇಳಿ ಮುಗಿಸುತ್ತೇವೆ. ಆದರೆ ಸೈನ್ಯಗಳನ್ನಷ್ಟೇ ಹೋಲಿಸಿದರೆ ಈ ಸೋಲು ಅರ್ಥವಾಗುವುದಿಲ್ಲ. ಅಂದು ಎರಡೂ ಕಡೆ ಸುಮಾರು 2000 ಯುರೋಪಿಯನ್ ಸೈನಿಕರಿದ್ದರು. ಕವಾಯತಿನಲ್ಲಾಗಲಿ ಆಯುಧಗಳಲ್ಲಾಗಲಿ ದೊಡ್ಡ ಅಂತರವಿರಲಿಲ್ಲ. ಅಷ್ಟೇಕೆ, 1746ರಲ್ಲಿ ಅಡ್ಯಾರ್ ನದಿಯ ಬಳಿ ಸಾವಿರದಷ್ಟೂ ಇರದ ಪಡೆಯಿಂದ ಆರ್ಕಾಟಿನ ನವಾಬನ ದೊಡ್ಡ ಸೈನ್ಯವನ್ನು ಚದುರಿಸಿ, ತರಬೇತಾದ ಸಿಪಾಯಿಗಳ ಬಲವನ್ನು ತೋರಿಸಿಕೊಟ್ಟವರು ಫ್ರೆಂಚರೇ.

ವ್ಯತ್ಯಾಸವಿದ್ದದ್ದು ಹಣದಲ್ಲಿ. 1757ರ ಪ್ಲಾಸಿ ಕದನದ ನಂತರ ಬಂಗಾಳದ ಸಂಪತ್ತು ಇಂಗ್ಲಿಷರ ಕೈಸೇರಿತು; ಅಲ್ಲಿಂದ ಕ್ಲೈವ್ ಕಳುಹಿಸಿದ ಸೇನಾನಿ ಫೋರ್ಡ್‌ನ ಪಡೆ 1759ರ ಏಪ್ರಿಲ್‌ನಲ್ಲಿ ಮಚಲೀಪಟ್ಟಣವನ್ನು ಗೆದ್ದು, ಫ್ರೆಂಚರಿಗೆ ಆದಾಯ ತರುತ್ತಿದ್ದ ಉತ್ತರ ಸರ್ಕಾರ್ ಪ್ರದೇಶವನ್ನೂ (ಆಂಧ್ರದ ಕರಾವಳಿ ಭಾಗ) ಕಸಿದುಕೊಂಡಿತು. ಫ್ರೆಂಚ್ ಸೇನಾನಿ ಬುಸ್ಸಿಯನ್ನು ಹೈದರಾಬಾದಿನಿಂದ ಹಿಂದಕ್ಕೆ ಕರೆಸಿಕೊಂಡು ಆ ದಾರಿಯನ್ನು ಸುಗಮಗೊಳಿಸಿದವನು ಲಾಲಿಯೇ ಆದ್ದರಿಂದ, ಇದನ್ನು ಅವನ ಅತಿ ದೊಡ್ಡ ತಪ್ಪೆಂದು ನಾನು ಎಣಿಸುತ್ತೇನೆ. ಫ್ರೆಂಚರ ಮುಖ್ಯ ನೆಲೆಯಾದ ಪಾಂಡಿಚೇರಿಯ ಖಜಾನೆ ಬರಿದಾಗಿತ್ತು. ಹಣಕ್ಕಾಗಿ ತಂಜಾವೂರಿನ ಮೇಲೆ ಮಾಡಿದ ದಂಡಯಾತ್ರೆ ವಿಫಲವಾಯಿತು. ಸಂಬಳ ಬಾಕಿ ಉಳಿದ ಸೈನಿಕರು 1759ರ ಅಕ್ಟೋಬರ್‌ನಲ್ಲಿ ದಂಗೆ ಎದ್ದರು.

ಇನ್ನೊಂದು ಕಾರಣ ಸಮುದ್ರ. 1758ರ ಡಿಸೆಂಬರ್‌ನಲ್ಲಿ ಮದರಾಸಿಗೆ ಮುತ್ತಿಗೆ ಹಾಕಿದ್ದ ಲಾಲಿ, ಫೆಬ್ರವರಿಯಲ್ಲಿ ಬ್ರಿಟಿಷ್ ಹಡಗುಗಳು ಬಂದ ಕೂಡಲೇ ಹಿಂದೆ ಸರಿಯಬೇಕಾಯಿತು. ಬ್ರಿಟಿಷ್ ನೌಕಾಧಿಪತಿ ಪೊಕಾಕ್‌ನೊಂದಿಗೆ ಮೂರು ಬಾರಿ ಕಾದಾಡಿದ ಫ್ರೆಂಚ್ ನೌಕಾಧಿಪತಿ ದಾಶೆ, 1759ರಲ್ಲಿ ತನ್ನ ನೌಕಾಪಡೆಯೊಂದಿಗೆ ಮಾರಿಷಸ್‌ಗೆ ಹೊರಟವನು ಮತ್ತೆ ಈ ತೀರಕ್ಕೆ ಬರಲಿಲ್ಲ. ಹೀಗೆ ಹಣವೂ ಹಡಗೂ ಇಲ್ಲದ ಸೈನ್ಯವೇ ವಾಂಡಿವಾಷ್‌ನಲ್ಲಿ ನಿಂತದ್ದು. ಅಲ್ಲಿ ಫ್ರೆಂಚರ ಮದ್ದುಗುಂಡಿನ ಬಂಡಿಯೊಂದು ಸ್ಫೋಟಿಸಿ ಸಾಲು ಮುರಿದದ್ದು, ಬುಸ್ಸಿ ಸೆರೆಸಿಕ್ಕದ್ದು ನಿಜವಾದರೂ, ಅದು ಆ ದಿನದ ಸೋಲನ್ನಷ್ಟೇ ವಿವರಿಸುತ್ತದೆ. ಚೇತರಿಸಿಕೊಳ್ಳಲು ಏಕೆ ಆಗಲಿಲ್ಲ ಎಂಬುದಕ್ಕೆ ಉತ್ತರ ಮೇಲಿನ ಎರಡು ಕಾರಣಗಳಲ್ಲಿದೆ. ಹಾಗಾಗಿ ಸೋಲಿನ ಹೊಣೆ ಹೊರಿಸಿ 1766ರಲ್ಲಿ ಪ್ಯಾರಿಸ್ಸಿನಲ್ಲಿ ಲಾಲಿಯ ತಲೆಯನ್ನೇ ತೆಗೆದದ್ದು ನ್ಯಾಯವಾಗಿರಲಿಲ್ಲ.

ಮೈಸೂರಿನ ನಂಟನ್ನೂ ಮರೆಯಬಾರದು. 1760ರಲ್ಲಿ ಹೈದರಾಲಿಯು ಮಖ್ದೂಮ್ ಅಲಿಯ ನೇತೃತ್ವದಲ್ಲಿ ಫ್ರೆಂಚರಿಗೆ ನೆರವು ಕಳುಹಿಸಿದ್ದನು. ಆದರೆ ಶ್ರೀರಂಗಪಟ್ಟಣದಲ್ಲಿ ಹೈದರನ ಆಪ್ತನಾಗಿದ್ದ ಖಂಡೇರಾಯನು ಅವನ ವಿರುದ್ಧ ತಿರುಗಿಬಿದ್ದಾಗ ಆ ಪಡೆಯನ್ನು ಹಿಂದಕ್ಕೆ ಕರೆಸಿಕೊಳ್ಳಬೇಕಾಯಿತು. ನೆಲದಿಂದಲೂ ಸಮುದ್ರದಿಂದಲೂ ಸುತ್ತುವರಿಯಲ್ಪಟ್ಟ ಪಾಂಡಿಚೇರಿಯು ಆಹಾರವಿಲ್ಲದೆ 1761ರ ಜನವರಿಯಲ್ಲಿ ಶರಣಾಯಿತು.