ಮೂರು ಎಕರೆ ಇಪ್ಪತ್ತು ಗುಂಟೆಯ ಅರ್ಧ ಎಷ್ಟು?

ಮುಧೋಳ ತಾಲ್ಲೂಕಿನಲ್ಲಿ ಘಟಪ್ರಭೆಯ ದಂಡೆಗಿರುವ ಹಳ್ಳಿಯೊಂದರ ಶಾಲೆಯಲ್ಲಿ ಏಳನೇ ತರಗತಿಯ ಗಣಿತದ ಪಾಠ ನೋಡುತ್ತ ಕುಳಿತಿದ್ದೆ. ದಶಮಾಂಶ ಸಂಖ್ಯೆಗಳ ಭಾಗಾಕಾರ ನಡೆದಿತ್ತು. ಪಠ್ಯದ ಲೆಕ್ಕಗಳು ಮುಗಿದ ಮೇಲೆ ಶಿಕ್ಷಕರು ಜಮೀನಿನ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಇರುವಂತೆಯೇ ‘3.20’ ಎಂದು ಹಲಗೆಯ ಮೇಲೆ ಬರೆದು, ಇಷ್ಟು ಹೊಲವನ್ನು ಇಬ್ಬರು ಅಣ್ಣತಮ್ಮಂದಿರಿಗೆ ಸಮನಾಗಿ ಹಂಚಿರಿ ಎಂದರು. ಅರ್ಧ ನಿಮಿಷದೊಳಗೆ ಹೆಚ್ಚುಕಡಿಮೆ ಎಲ್ಲರ ಪಾಟಿಯ ಮೇಲೂ 1.60 ಎಂಬ ಉತ್ತರ ಮೂಡಿತು. ಆಗ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು, “ಸರ್, ಗುಂಟೆ ಅರವತ್ತು ಹೆಂಗ ಆಗ್ತಾವ್ರಿ? ನಲವತ್ತಕ್ಕ ಎಕರೆ ಆಗಿಬಿಡ್ತೈತಲ್ರಿ?” ಎಂದು ಕೇಳಿದಳು. ಒಬ್ಬೊಬ್ಬರಿಗೆ ಒಂದು ಎಕರೆ ಮೂವತ್ತು ಗುಂಟೆ ಬರುತ್ತದೆ ಎಂದೂ ತಾನೇ ಹೇಳಿದಳು. ನನಗೆ ಸೋಜಿಗವೆನಿಸಿದ್ದು ಆ ಉತ್ತರವಲ್ಲ. ಅವಳ ಪಾಟಿಯ ಮೇಲೂ 1.60 ಎಂದೇ ಬರೆದಿತ್ತು.

ಉತಾರದಲ್ಲಿನ ಚುಕ್ಕೆ ದಶಮಾಂಶದ ಚುಕ್ಕೆಯಲ್ಲ. ಅದು ಎಕರೆಯನ್ನೂ ಗುಂಟೆಯನ್ನೂ ಬೇರ್ಪಡಿಸುವ ಗುರುತು ಮಾತ್ರ. 33 ಅಡಿ ಉದ್ದ, 33 ಅಡಿ ಅಗಲದ ನೆಲ ಒಂದು ಗುಂಟೆ. ಅಂಥ 40 ಗುಂಟೆ ಸೇರಿದರೆ ಒಂದು ಎಕರೆ. ಒಂದು ಗುಂಟೆಗೆ 16 ಆಣೆ. ಆದ್ದರಿಂದ ಉತಾರದ 2.20 ಎಂದರೆ ಎರಡೂವರೆ ಎಕರೆ, ಗಣಿತ ಪುಸ್ತಕದ 2.20 ಎಂದರೆ ಎರಡು ಮತ್ತು ಐದನೇ ಒಂದು. ಕ್ರಿಕೆಟ್ಟಿನಲ್ಲಿ 4.3 ಓವರ್ ಎಂದರೆ ನಾಲ್ಕೂವರೆ ಓವರ್, ಏಕೆಂದರೆ ಅಲ್ಲಿ ಆರಕ್ಕೆ ಒಂದು ತುಂಬುತ್ತದೆ. ಚುಕ್ಕೆಯ ಬಲಕ್ಕಿರುವುದು ಎಷ್ಟು ತುಂಬಿದರೆ ಎಡಕ್ಕೆ ಒಂದಾಗುತ್ತದೆ ಎಂಬ ಪ್ರಶ್ನೆಯನ್ನು ಒಮ್ಮೆ ಕೇಳಿಕೊಂಡ ಮಗುವಿಗೆ ದಶಮಾಂಶ ಪದ್ಧತಿಯಲ್ಲಿ ಹತ್ತಕ್ಕೆ ಇರುವ ಅಧಿಕಾರ ಏನೆಂಬುದು ತಾನಾಗಿ ತಿಳಿಯುತ್ತದೆ. ನಮ್ಮ ತರಗತಿಗಳಲ್ಲಿ ಈ ಪ್ರಶ್ನೆ ಏಳುವುದು ಅಪರೂಪ. ಚುಕ್ಕೆಯನ್ನು ಎಷ್ಟು ಮನೆ ಸರಿಸಬೇಕೆಂಬುದನ್ನೇ ಪಾಠವೆಂದು ತಿಳಿಯಲಾಗುತ್ತದೆ.

ಲೆಕ್ಕ ಮಾಡುವುದು ಒಂದು, ಸಂಖ್ಯೆಯ ಅರ್ಥ ಹಿಡಿಯುವುದು ಇನ್ನೊಂದು. ಈ ಎರಡನೆಯದಕ್ಕೆ ಒಂದು ಹೆಸರು ಬೇಕೆಂದು ಶಿಕ್ಷಣದ ಬಗೆಗಿನ ಇಂಗ್ಲೆಂಡಿನ ಕ್ರೌದರ್ ವರದಿಯು 1959ರಲ್ಲಿ ಅಕ್ಷರಸ್ಥಿಕೆಗೆ ಕನ್ನಡಿಯಂತಿರುವ ‘ನ್ಯೂಮರಸಿ’ ಎಂಬ ಪದವನ್ನು ಟಂಕಿಸಿತು. ಕನ್ನಡದಲ್ಲಿ ಅದನ್ನು ಸಂಖ್ಯಾಜ್ಞಾನ ಎನ್ನುತ್ತಿದ್ದೇವೆ. 2021ರ ಜುಲೈ 5ರಂದು ಆರಂಭವಾದ ಕೇಂದ್ರ ಸರ್ಕಾರದ ನಿಪುಣ್ ಭಾರತ್ ಯೋಜನೆಯು, ಮೂರನೇ ತರಗತಿ ಮುಗಿಸುವ ಪ್ರತಿ ಮಗುವಿಗೂ 2026–27ರೊಳಗೆ ಬುನಾದಿ ಸಾಕ್ಷರತೆ ಮತ್ತು ಸಂಖ್ಯಾಜ್ಞಾನ ದೊರೆಯಬೇಕೆಂಬ ಗುರಿ ಇಟ್ಟುಕೊಂಡಿತು. ಗುರಿ ಎಷ್ಟು ದೂರವಿದೆ ಎಂಬುದಕ್ಕೆ ಒಂದು ಅಳತೆ ಬೇಕಾದರೆ, ಹಳ್ಳಿಯ ಮಕ್ಕಳ ಕಲಿಕೆಯನ್ನು ಅಳೆಯುವ ‘ಅಸರ್’ ಸಮೀಕ್ಷೆಯ 2024ರ ವರದಿಯ ಪ್ರಕಾರ ಗ್ರಾಮೀಣ ಭಾರತದಲ್ಲಿ ಐದನೇ ತರಗತಿಯ ಮಕ್ಕಳ ಪೈಕಿ ಮೂರಂಕಿಯ ಸಂಖ್ಯೆಯನ್ನು ಒಂದಂಕಿಯ ಸಂಖ್ಯೆಯಿಂದ ಭಾಗಿಸಬಲ್ಲವರು ಶೇ 30.7 ಮಾತ್ರ. ಆದರೆ ಮುಧೋಳದ ಆ ತರಗತಿಯ ಮಕ್ಕಳು ಇಂಥ ಪರೀಕ್ಷೆಯಲ್ಲಿ ಪಾಸಾಗುವವರು. ಅವರ ಭಾಗಾಕಾರದಲ್ಲಿ ತಪ್ಪೇನೂ ಇರಲಿಲ್ಲ. 3.20ರ ಅರ್ಧ 1.60 ಎಂಬುದು ನಿಜವೇ.

ಒಂದೇ ತಲೆಯಲ್ಲಿ ಎರಡು ಗಣಿತಗಳು ಪರಸ್ಪರ ಗುರುತೇ ಇಲ್ಲದಂತೆ ಬಾಳುವುದು ನಮ್ಮೂರಿನ ವಿಶೇಷವೇನಲ್ಲ. ಬ್ರೆಜಿಲ್ ದೇಶದ ರೆಸಿಫೆ ನಗರದ ಬೀದಿಗಳಲ್ಲಿ ವ್ಯಾಪಾರ ಮಾಡುತ್ತಿದ್ದ ಐವರು ಮಕ್ಕಳ ಲೆಕ್ಕಗಳನ್ನು ಸಂಶೋಧಕಿ ಟೆರೆಸಿನ್ಯಾ ಕರಾಹೆರ್ ಮತ್ತು ಅವರ ಸಂಗಡಿಗರು ಪರೀಕ್ಷಿಸಿ 1985ರಲ್ಲಿ ಪ್ರಕಟಿಸಿದರು. ಒಂದಕ್ಕೆ 35ರಂತೆ ಹತ್ತು ತೆಂಗಿನಕಾಯಿಗೆ ಎಷ್ಟಾಯಿತು ಎಂದು ಕೇಳಿದಾಗ ಹನ್ನೆರಡು ವರ್ಷದ ಹುಡುಗನೊಬ್ಬ, ಮೂರಕ್ಕೆ 105, ಇನ್ನು ಮೂರು ಸೇರಿದರೆ 210, ಇನ್ನೂ ನಾಲ್ಕು ಬೇಕು ಎಂದು ಕೂಡಿಸುತ್ತ ಹೋಗಿ 350 ಎಂದ. ಹತ್ತರಿಂದ ಗುಣಿಸಲು ಒಂದು ಸೊನ್ನೆ ಸೇರಿಸಿದರೆ ಸಾಕೆಂಬ ಶಾಲೆಯ ಉಪಾಯ ಅವನ ನೆನಪಿಗೇ ಬರಲಿಲ್ಲ. ಬೀದಿಯಲ್ಲಿ ಈ ಮಕ್ಕಳ ಉತ್ತರಗಳಲ್ಲಿ ಶೇ 98.2 ಸರಿಯಾಗಿದ್ದವು. ಅವೇ ಅಂಕಿಗಳನ್ನು ಕಾಗದದ ಮೇಲೆ ಬರಿಯ ಲೆಕ್ಕವಾಗಿ ಕೊಟ್ಟಾಗ ಸರಿಯಾದದ್ದು ಶೇ 36.8 ಮಾತ್ರ. ಐದೇ ಮಕ್ಕಳಲ್ಲವೇ ಎಂಬ ಆಕ್ಷೇಪಕ್ಕೆ ನಾಲ್ಕು ದಶಕಗಳ ನಂತರ ಉತ್ತರ ಸಿಕ್ಕಿತು. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೊ ಮತ್ತು ಅವರ ಸಹೋದ್ಯೋಗಿಗಳು ಕೋಲ್ಕತ್ತಾ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ 1,436 ಮಕ್ಕಳ ಅಧ್ಯಯನವನ್ನು 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಅಲ್ಲಿಯೂ ಅದೇ ಕತೆ: ವ್ಯಾಪಾರದ ಕ್ಲಿಷ್ಟ ಲೆಕ್ಕವನ್ನು ಬಾಯಲ್ಲೇ ಮಾಡುವ ಮಗುವಿಗೆ ಪುಸ್ತಕದ ಸರಳ ಲೆಕ್ಕ ಬರುವುದಿಲ್ಲ. ಅದಕ್ಕಿಂತ ಮುಖ್ಯವೆಂದು ನಾನು ತಿಳಿಯುವುದು ಅದರ ಇನ್ನೊಂದು ಭಾಗವನ್ನು. ವ್ಯಾಪಾರದ ಅನುಭವವಿಲ್ಲದ, ಹತ್ತಿರದ ಶಾಲೆಗಳಲ್ಲೇ ಓದುತ್ತಿದ್ದ 471 ಮಕ್ಕಳು ಇದಕ್ಕೆ ತೀರ ತಿರುಗುಮುರುಗಾಗಿದ್ದರು. ಪುಸ್ತಕದ ಲೆಕ್ಕದಲ್ಲಿ ಮುಂದು, ವ್ಯವಹಾರದ ಲೆಕ್ಕದಲ್ಲಿ ಹಿಂದು. ಹೊಳೆಗೆ ಸೇತುವೆ ಇಲ್ಲದ ತೊಂದರೆ ಎರಡೂ ದಂಡೆಯವರಿಗೆ ಇದೆ.

ಬಾಗಲಕೋಟೆಯ ಸಂತೆಯಲ್ಲಿ ಕಿಲೋಗೆ 64 ರೂಪಾಯಿಯ ಬದನೆಕಾಯಿಯನ್ನು ಮುಕ್ಕಾಲು ಕಿಲೋ ತೂಗುವ ಹುಡುಗ ಏನು ಮಾಡುತ್ತಾನೆಂದು ಗಮನಿಸಿರಿ. ಅರ್ಧ ಕಿಲೋಗೆ 32, ಪಾವ್ ಕಿಲೋಗೆ 16, ಒಟ್ಟು 48. ಇಲ್ಲಿ ಪ್ರತಿ ಹೆಜ್ಜೆಯಲ್ಲೂ ಸಂಖ್ಯೆಯು ಒಂದು ತೂಕವಾಗಿ, ಒಂದು ಬೆಲೆಯಾಗಿ ಉಳಿದಿರುತ್ತದೆ. ಅದೇ ಹುಡುಗ ಶಾಲೆಯಲ್ಲಿ 64 × 0.75 ಎಂದು ಬರೆದು, ಒಂದರ ಕೆಳಗೊಂದು ಅಂಕಿ ಪೇರಿಸಿ ಗುಣಿಸುವಾಗ ಅಂಕಿಗಳು ಬರಿಯ ಅಂಕಿಗಳಾಗುತ್ತವೆ. ಕೊನೆಗೆ ಚುಕ್ಕೆ ಜಾರಿ 480 ಎಂದೋ 4.80 ಎಂದೋ ಬಂದರೆ ಅವನಿಗೆ ಗಾಬರಿಯಾಗುವುದಿಲ್ಲ. ಸಂತೆಯಲ್ಲಿ ಯಾರಾದರೂ ಮುಕ್ಕಾಲು ಕಿಲೋ ಬದನೆಕಾಯಿಗೆ 480 ರೂಪಾಯಿ ಕೇಳಿದ್ದರೆ ಜಗಳವೇ ಆಗುತ್ತಿತ್ತು. ತರಗತಿಯಲ್ಲಿ ಕಳೆದುಹೋಗುವುದು ಈ ಜಗಳವಾಡುವ ಗುಣ. ಸಂಖ್ಯಾಜ್ಞಾನವೆಂದು ನಾನು ಕರೆಯುವುದು ಬಹುಮಟ್ಟಿಗೆ ಅದನ್ನೇ.

ಹಾಗೆಂದು ಪ್ರತಿ ಲೆಕ್ಕಕ್ಕೂ ಬದನೆಕಾಯಿ, ಜೋಳ, ಎತ್ತು ಸೇರಿಸಿಬಿಟ್ಟರೆ ಕೆಲಸವಾಗುವುದಿಲ್ಲ. ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಸುಮಾರು 1980ರಲ್ಲಿ 97 ಮಕ್ಕಳಿಗೆ, ಒಂದು ಹಡಗಿನಲ್ಲಿ 26 ಕುರಿಗಳೂ 10 ಆಡುಗಳೂ ಇವೆ, ಹಡಗಿನ ನಾಯಕನ ವಯಸ್ಸೆಷ್ಟು ಎಂದು ಕೇಳಲಾಯಿತು. 76 ಮಕ್ಕಳು ಕೊಟ್ಟ ಅಂಕಿಗಳನ್ನೇ ಕೂಡಿಸಿಯೋ ಕಳೆದೋ ಒಂದು ವಯಸ್ಸನ್ನು ಹೇಳಿದರು. ಲೆಕ್ಕದ ಮಾತುಗಳು ಬೂಸಾ, ಅಂಕಿಗಳೇ ಕಾಳು ಎಂಬುದನ್ನು ಅವರು ಶಾಲೆಯಲ್ಲಿ ಚೆನ್ನಾಗಿಯೇ ಕಲಿತಿದ್ದರು.

ಸಂತೆಯ ಆ ಜಗಳವಾಡುವ ಗುಣವನ್ನು ಉಳಿಸಿಕೊಳ್ಳಲು ನಾನು ಕಂಡಂತೆ ಅತ್ಯಂತ ಅಗ್ಗದ ಸಾಧನ ಅಂದಾಜು. ಅಮೆರಿಕದಲ್ಲಿ 1978ರ ರಾಷ್ಟ್ರೀಯ ಪರೀಕ್ಷೆಯೊಂದರಲ್ಲಿ ಹದಿಮೂರು ವರ್ಷದವರಿಗೆ 12/13 ಮತ್ತು 7/8 ಸೇರಿದರೆ ಸುಮಾರು ಎಷ್ಟಾದೀತು ಎಂದು ಕೇಳಿ, 1, 2, 19, 21 ಎಂಬ ಆಯ್ಕೆಗಳನ್ನು ಕೊಟ್ಟಿದ್ದರು. ಎರಡೂ ಒಂದಕ್ಕೆ ತುಸು ಕಡಿಮೆ, ಆದ್ದರಿಂದ ಉತ್ತರ 2ರ ಹತ್ತಿರ. ಹಾಗೆ ಹೇಳಿದವರು ಶೇ 24 ಮಾತ್ರ. ಅರ್ಧಕ್ಕಿಂತ ಹೆಚ್ಚಿನವರು 19 ಅಥವಾ 21 ಎಂದರು. ಅಂಶಗಳನ್ನೋ ಛೇದಗಳನ್ನೋ ಕೂಡಿಸಿ ಬಂದ ಉತ್ತರಗಳು ಅವು. ಲೆಕ್ಕಕ್ಕೆ ಕೈ ಹಾಕುವ ಮೊದಲು, ಉತ್ತರ ಒಂದಕ್ಕಿಂತ ಹೆಚ್ಚೋ ಕಡಿಮೆಯೋ, ನೂರರ ಆಚೆಗೋ ಈಚೆಗೋ ಎಂದು ಪ್ರತಿ ಮಗುವೂ ಬಾಯಿಬಿಟ್ಟು ಹೇಳಬೇಕು, ಮತ್ತು ಹೇಳಿದ್ದಕ್ಕೆ ಕಾರಣ ಕೊಡಬೇಕು. ಇದಕ್ಕೆ ದಿನಕ್ಕೆ ಐದು ನಿಮಿಷ ಸಾಕು. ಕಳೆಯುವ ಲೆಕ್ಕದಲ್ಲಿಯೂ ಇದೇ ಮಾತು. 52ರಲ್ಲಿ 38 ಹೋದರೆ 26 ಎಂದು ಬರೆಯುವ ಮಗು ಬಿಡಿಸ್ಥಾನದ 2 ಮತ್ತು 8ರಲ್ಲಿ ಚಿಕ್ಕದನ್ನು ದೊಡ್ಡದರಿಂದ ಕಳೆದಿರುತ್ತದೆ. ಕಿರಾಣಿ ಅಂಗಡಿಯವರು ಚಿಲ್ಲರೆ ಕೊಡುವಂತೆ 38ಕ್ಕೆ ಎರಡು ಸೇರಿಸಿ 40, ಹತ್ತು ಸೇರಿಸಿ 50, ಮತ್ತೆರಡು ಸೇರಿಸಿ 52 ಎಂದು ಏರುತ್ತ ಹೋದರೆ 14 ಎಂಬುದು ಕಣ್ಣಿಗೇ ಕಾಣುತ್ತದೆ. ದಶಕ ಎರವಲು ತರುವ ವಿಧಾನವನ್ನು ಆಮೇಲೆ ಕಲಿಸಿದರೆ ಅದು ಈ ಏಣಿಯ ಚುಟುಕು ರೂಪವೆಂದು ಅರ್ಥವಾಗುತ್ತದೆ.

ಮಗ್ಗಿ ಬೇಡವೇ ಎಂದು ಕೇಳುವವರಿದ್ದಾರೆ. ಖಂಡಿತ ಬೇಕು. ಏಳೆಂಟಲೆ ಐವತ್ತಾರು ಎಂಬುದು ತಡವರಿಸದೆ ಬಾಯಿಗೆ ಬಂದರೆ ಮಾತ್ರ ಉಳಿದ ಲಕ್ಷ್ಯ ಲೆಕ್ಕದ ಅರ್ಥದ ಕಡೆಗೆ ಹೋಗಲು ಸಾಧ್ಯ. ಮಗ್ಗಿಯನ್ನು ಶಿಕ್ಷೆಯಾಗಿಸಿದ್ದು ನಮ್ಮ ತಪ್ಪು, ಅದು ಮಗ್ಗಿಯ ದೋಷವಲ್ಲ.

ಸ್ಥಾನಬೆಲೆಯ ವಿಷಯದಲ್ಲಿ ಕನ್ನಡವು ಮಕ್ಕಳಿಗೆ ಮಾಡುವ ಉಪಕಾರವನ್ನು ನಾವು ಗಮನಿಸಿದ್ದೇ ಕಡಿಮೆ. ಹದಿಮೂರು ಎಂಬಲ್ಲಿ ಹತ್ತು ಮೊದಲು, ಮೂರು ಆಮೇಲೆ. ಇಪ್ಪತ್ತೊಂದು ಎಂಬಲ್ಲಿ ಇಪ್ಪತ್ತು ಮೊದಲು, ಒಂದು ಆಮೇಲೆ. ಬರೆಯುವ ಕ್ರಮವೂ ಹಾಗೆಯೇ. ಎಂಬತ್ತು ಎಂಬ ಮಾತನ್ನು ಬಿಡಿಸಿದರೆ ಎಂಟೂ ಹತ್ತೂ ಹೊರಬೀಳುತ್ತವೆ. ಮರಾಠಿಯಲ್ಲಿ ಇಪ್ಪತ್ತೊಂದು ‘ಏಕವೀಸ’, ಅಂದರೆ ಒಂದು ಮೊದಲು. ಇಪ್ಪತ್ತೊಂಬತ್ತು ‘ಏಕೋಣತೀಸ’, ಅಂದರೆ ಮೂವತ್ತಕ್ಕೆ ಒಂದು ಕಡಿಮೆ. ಬೆಳಗಾವಿ, ಖಾನಾಪುರ, ನಿಪ್ಪಾಣಿಗಳ ತರಗತಿಯಲ್ಲಿ ಮನೆಯಲ್ಲಿ ಮರಾಠಿ ಎಣಿಸಿ ಶಾಲೆಯಲ್ಲಿ ಕನ್ನಡ ಅಥವಾ ಇಂಗ್ಲಿಷ್ ಎಣಿಸುವ ಮಗು 21ನ್ನು 12 ಎಂದು ಬರೆದರೆ ಅದನ್ನು ದಡ್ಡತನವೆನ್ನುವುದು ಅನ್ಯಾಯ. ಕಿವಿಗೆ ಬಿದ್ದ ಕ್ರಮದಲ್ಲಿಯೇ ಅದು ಬರೆದಿದೆ. ಅಂಥ ಕಡೆ ಎರಡೂ ಭಾಷೆಯ ಎಣಿಕೆಯನ್ನು ಹಲಗೆಯ ಮೇಲೆ ಪಕ್ಕಪಕ್ಕ ಬರೆದು ಹೋಲಿಸುವುದೇ ಒಂದು ಒಳ್ಳೆಯ ಪಾಠ.

ಅನುಪಾತಕ್ಕೆ ಬಂದರೆ, ಸುಮಾರು ನಾಲ್ಕು ಕಿಲೋ ದ್ರಾಕ್ಷಿ ಒಣಗಿದರೆ ಒಂದು ಕಿಲೋ ಮಣೂಕ ಎಂಬುದು ವಿಜಯಪುರದ ದ್ರಾಕ್ಷಿ ಬೆಳೆಗಾರರ ಮಕ್ಕಳಿಗೆ ಹೊಸ ಸಂಗತಿಯಲ್ಲ. ಹಾಗಾದರೆ ಆರು ಕಿಲೋಗೆ ಎಷ್ಟು ಎಂದು ಶಾಲೆಯಲ್ಲಿ ಕೇಳಿದರೆ ಮೂರು ಎನ್ನುವವರು ಸಿಗುತ್ತಾರೆ. ನಾಲ್ಕರಿಂದ ಒಂದಕ್ಕೆ ಮೂರು ಇಳಿದದ್ದರಿಂದ ಆರರಿಂದಲೂ ಮೂರು ಇಳಿಸುತ್ತಾರೆ. ಮಣೂಕ ಒಣಗಿಸುವ ಶೆಡ್ಡಿನ ಮುಂದೆ ನಿಲ್ಲಿಸಿ ಕೇಳಿದರೆ ಅದೇ ಮಗು ‘ದೀಡ ಕಿಲೋ’, ಅಂದರೆ ಒಂದೂವರೆ ಕಿಲೋ, ಎನ್ನುತ್ತದೆ.

ಶೇಕಡಾವಾರಿಗೆ ನಮ್ಮ ಕಡೆಯ ಕಬ್ಬಿಗಿಂತ ಒಳ್ಳೆಯ ಪಠ್ಯಪುಸ್ತಕ ಸಿಗದು. ಕಬ್ಬಿನ ಸಕ್ಕರೆ ಇಳುವರಿ ಶೇ 10ರಿಂದ ಶೇ 11ಕ್ಕೆ ಏರಿತು ಎಂದಾಗ ಏರಿದ್ದು ಒಂದು ಶೇಕಡಾ ಅಂಶವೋ ಶೇ 10ರಷ್ಟೋ? ಟನ್ನಿಗೆ 100 ಕಿಲೋ ಸಕ್ಕರೆ ಬರುತ್ತಿದ್ದಲ್ಲಿ 110 ಕಿಲೋ ಬಂದಿದೆ, ಆದ್ದರಿಂದ ಸಕ್ಕರೆ ಹೆಚ್ಚಿದ್ದು ಶೇ 10ರಷ್ಟು. 2025–26ರ ಹಂಗಾಮಿಗೆ ಕಾರ್ಖಾನೆಗಳು ಕಬ್ಬಿಗೆ ಕೊಡಲೇಬೇಕಾದ ಕನಿಷ್ಠ ಬೆಲೆಯಾಗಿ ಕೇಂದ್ರ ಸರ್ಕಾರ ನಿಗದಿ ಮಾಡಿದ ಎಫ್‌ಆರ್‌ಪಿ ದರವು ಶೇ 10.25 ಇಳುವರಿಗೆ ಕ್ವಿಂಟಲ್‌ಗೆ 355 ರೂಪಾಯಿ, ಅದರ ಮೇಲಿನ ಪ್ರತಿ 0.1 ಅಂಶಕ್ಕೆ 3.46 ರೂಪಾಯಿ ಹೆಚ್ಚು. ಈ 3.46 ಎಲ್ಲಿಂದ ಬಂತು ಎಂದು ಎಂಟನೇ ತರಗತಿಯವರನ್ನು ಕೇಳಿರಿ. 355ನ್ನು 102.5ರಿಂದ ಭಾಗಿಸಿದರೆ ಉತ್ತರ ಸಿಗುತ್ತದೆ. ಸರ್ಕಾರದ ಆದೇಶದೊಳಗೆ ತ್ರೈರಾಶಿಯೇ ಅಡಗಿ ಕುಳಿತಿದೆ. ಕಟಾವು ಮತ್ತು ಸಾಗಣೆಯ ಖರ್ಚು ಮುರಿದ ಮೇಲೆ ಮನೆಗೆ ಬಂದ ಬಿಲ್ಲನ್ನು ಮಕ್ಕಳು ತಾವೇ ತಾಳೆ ನೋಡಬಹುದು. ತೂಕದ ಬಗ್ಗೆ ಊರಿನಲ್ಲಿ ನಡೆಯುವ ವಾದವನ್ನು ಮಾತ್ರ ಶಿಕ್ಷಕರು ತರಗತಿಯ ಹೊರಗೇ ಬಿಡುವುದು ಕ್ಷೇಮ.

ದೊಡ್ಡ ಸಂಖ್ಯೆಗಳಿಗೆ ಮಳೆಗಾಲ ಬರಬೇಕು. ಆಲಮಟ್ಟಿಯ ಒಳಹರಿವು ಒಂದು ಲಕ್ಷ ಕ್ಯುಸೆಕ್ ಎಂದು ಪತ್ರಿಕೆಯಲ್ಲಿ ಓದಿದಾಗ ನಮ್ಮ ಪೈಕಿ ಎಷ್ಟು ಜನರ ಕಣ್ಣ ಮುಂದೆ ನೀರು ನಿಲ್ಲುತ್ತದೆ? ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28.3 ಲೀಟರ್, ಹೆಚ್ಚುಕಡಿಮೆ ಎರಡು ಕೊಡ ನೀರು. ಲಕ್ಷ ಕ್ಯುಸೆಕ್ ಎಂದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಎರಡು ಲಕ್ಷ ಕೊಡ. ದಿನಕ್ಕೆ 86,400 ಸೆಕೆಂಡುಗಳಾದ್ದರಿಂದ ಹರಿವು ಹಾಗೆಯೇ ನಿಂತರೆ ಒಂದು ದಿನದಲ್ಲಿ 864 ಕೋಟಿ ಘನ ಅಡಿ. ಟಿಎಂಸಿ ಎಂದರೆ ಸಾವಿರ ದಶಲಕ್ಷ, ನಮ್ಮ ಮಾತಿನಲ್ಲಿ ನೂರು ಕೋಟಿ ಘನ ಅಡಿ. ಆದ್ದರಿಂದ ದಿನದ ನೀರು 8.64 ಟಿಎಂಸಿ. ಜಲಾಶಯದ ಸಾಮರ್ಥ್ಯ 519.60 ಮೀಟರ್ ಮಟ್ಟದಲ್ಲಿ ಸುಮಾರು 123 ಟಿಎಂಸಿ. ಗೇಟು ತೆರೆಯದೆ ಇದ್ದರೆ ಬರಿದಾದ ಜಲಾಶಯ ತುಂಬಲು ಸುಮಾರು ಹದಿನಾಲ್ಕು ದಿನ ಸಾಕು. ನದಿ ದಂಡೆಯ ಹಳ್ಳಿಯ ಮಗುವಿಗೆ ಈ ಗುಣಾಕಾರ ಬರಿಯ ಅಭ್ಯಾಸವಲ್ಲ, ಯಾವಾಗ ದನ ಬಿಚ್ಚಿಕೊಂಡು ಮೇಲಕ್ಕೆ ಹೋಗಬೇಕೆಂಬ ಮನೆಯವರ ಮಾತಿಗೆ ಸಂಬಂಧಿಸಿದ್ದು.

ಅಳತೆಯಿಂದ ಗಣಿತಕ್ಕೆ ಹೋಗುವ ಈ ಕ್ರಮ ಹೊಸದೂ ಅಲ್ಲ. 1150ರಲ್ಲಿ ರಚನೆಯಾದ ಭಾಸ್ಕರಾಚಾರ್ಯರ ‘ಲೀಲಾವತಿ’ಯು ಕೂಡುವ ಕಳೆಯುವ ವಿಧಾನದಿಂದ ಶುರುವಾಗುವುದಿಲ್ಲ. ಇಪ್ಪತ್ತು ಕವಡೆಗೆ ಒಂದು ಕಾಕಿಣಿ, ನಾಲ್ಕು ಕಾಕಿಣಿಗೆ ಒಂದು ಪಣ, ಹದಿನಾರು ಪಣಕ್ಕೆ ಒಂದು ದ್ರಮ್ಮ ಎಂಬ ಕೋಷ್ಟಕ ಮೊದಲು, ನೆಲದ, ಧಾನ್ಯದ ಅಳತೆಗಳು ಅದರ ಹಿಂದೆಯೇ, ಸಂಖ್ಯಾಸ್ಥಾನಗಳು ಆಮೇಲೆ. ಭಾಸ್ಕರರು ಹೇಳಿಕೊಂಡಿರುವ ವಿಜ್ಜಡವಿಡ ಎಂಬ ಊರು ನಮ್ಮ ವಿಜಯಪುರವೇ ಎಂದು ಇಲ್ಲಿಯವರು ಅಭಿಮಾನದಿಂದ ಹೇಳುತ್ತಾರೆ, ಅದು ಮಹಾರಾಷ್ಟ್ರದ ಖಾನದೇಶದ ಕಡೆಯದೆಂದು ವಾದಿಸುವ ವಿದ್ವಾಂಸರೂ ಇದ್ದಾರೆ. ಊರು ಯಾವುದಾದರೂ ಆಗಲಿ, ಪಾಠದ ಕ್ರಮ ಮಾತ್ರ ಸಂತೆಯನ್ನು ಬಲ್ಲವರದು.

ಮುಧೋಳದ ಆ ತರಗತಿಯಲ್ಲಿ ಶಿಕ್ಷಕರು ಹುಡುಗಿಗೆ ಶಹಬ್ಬಾಸ್ ಹೇಳಿ ಪಾಠ ಮುಗಿಸಲಿಲ್ಲ. ಅದೇ ಹೊಲಕ್ಕೆ ಮೂವರು ಅಣ್ಣತಮ್ಮಂದಿರಿದ್ದರೆ ಎಂದು ಕೇಳಿದರು. 140 ಗುಂಟೆಯನ್ನು ಮೂರರಿಂದ ಭಾಗಿಸಿ ಮಕ್ಕಳು ತಲಾ ಒಂದು ಎಕರೆ ಆರು ಗುಂಟೆ ಎಂದರು. ಉಳಿದ ಎರಡು ಗುಂಟೆಯನ್ನು 32 ಆಣೆ ಮಾಡಿ ತಲಾ ಹತ್ತು ಆಣೆ ಹಂಚಿದರು. ಕೊನೆಗೆ ಎರಡು ಆಣೆ ಉಳಿಯಿತು. ಎರಡು ಆಣೆ ಎಂದರೆ ಎಷ್ಟು ನೆಲ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಎಲ್ಲರೂ ಟೇಪು ಹಿಡಿದು ಅಂಗಳಕ್ಕೆ ಹೋದರು. 1,089 ಚದರ ಅಡಿಯ ಎಂಟನೆಯ ಒಂದು ಪಾಲು, ಸುಮಾರು 136 ಚದರ ಅಡಿ. ಹನ್ನೆರಡು ಅಡಿ ಉದ್ದ, ಹನ್ನೊಂದು ಅಡಿಗೆ ತುಸು ಹೆಚ್ಚು ಅಗಲ. ಸುಣ್ಣದಲ್ಲಿ ಗೆರೆ ಎಳೆದಾದ ಮೇಲೆ ಇಡೀ ತರಗತಿ ಅದರೊಳಗೆ ಹೊಕ್ಕು ನಿಂತು ನೋಡಿತು. ಇದನ್ನು ಯಾರಿಗೆ ಕೊಡುವುದು ಎಂದು ಶಿಕ್ಷಕರು ಕೇಳಿದಾಗ, “ಬಾವಿಗೆ ಬಿಡೂನ್ರಿ ಸರ್” ಎಂದ ಒಬ್ಬ. “ಇಷ್ಟರಾಗ ಬಾವಿ ಕೂಡ್ತೈತೇನ್ರಿ?” ಎಂದು ಆ ಹುಡುಗಿ ಮತ್ತೆ ಟೇಪು ಕೇಳಿದಳು.