ಕೆಂಪು ಚುಕ್ಕೆಯ ಕೆಳಗೂ ನೋಡಿ

ಒತ್ತಿ ಹಿಡಿದ ಎರಡು ಲೋಹದ ಭಾಗಗಳು ತಾಗುವಲ್ಲಿ ಸಣ್ಣದಾಗಿ ಉಜ್ಜಿಕೊಂಡು, ಮತ್ತೆ ಮತ್ತೆ ಬೀಳುವ ಲೋಡಿನಿಂದ ಬಿರುಕು ಬಿಡುವುದಕ್ಕೆ ಫ್ರೆಟಿಂಗ್ ಫಟೀಗ್ ಎನ್ನುತ್ತಾರೆ. ಅದರ ಬಗ್ಗೆ ನನಗೆ ಬರುವ ಮೇಲ್‌ಗಳಲ್ಲಿ ಹೆಚ್ಚಿನವು ಒಂದೇ ಥರ ಇರುತ್ತವೆ. ಕಂಪ್ಯೂಟರ್ ಲೆಕ್ಕದಿಂದ ಬಂದ ಬಣ್ಣಬಣ್ಣದ ಚಿತ್ರ, ಎರಡು ಭಾಗ ತಾಗುವ ಅಂಚಿನಲ್ಲಿ ಒಂದು ಕೆಂಪು ಚುಕ್ಕೆ, ಪಕ್ಕದಲ್ಲಿ ಅಲ್ಲಿನ ಸ್ಟ್ರೆಸ್ (ಲೋಹದೊಳಗೆ ಪ್ರತಿ ಚದರ ಅಳತೆಗೆ ಬೀಳುವ ಬಲ) ಎಷ್ಟೆಂಬ ಒಂದು ಸಂಖ್ಯೆ. "ಸರ್, ಇಷ್ಟು ಸ್ಟ್ರೆಸ್ ಬಂದಿದೆ. ತಡೆಯುತ್ತಾ?" ಆ ಒಂದು ಸಂಖ್ಯೆ ನೋಡಿ ಉತ್ತರ ಹೇಳಲು ಆಗುವುದಿಲ್ಲ. ಎಷ್ಟು ಸಲ ಹೇಳಿದರೂ ಮತ್ತೆ ಅದೇ ಚಿತ್ರ ಬರುತ್ತದೆ.

ಸಿಲಿಂಡರ್ ಆಕಾರದ ಪ್ಯಾಡನ್ನು ಸಪಾಟಾದ ತುಂಡಿನ ಮೇಲೆ ಒತ್ತಿದ್ದೀರಿ ಅಂದುಕೊಳ್ಳಿ. ಈಗ ಪ್ಯಾಡಿನ ತ್ರಿಜ್ಯ ಎರಡು ಪಟ್ಟು ಮಾಡಿ. ಒತ್ತುವ ಬಲ, ಅಡ್ಡ ಬಲ ಎರಡನ್ನೂ ಎರಡು ಪಟ್ಟು ಮಾಡಿ. ತುಂಡನ್ನು ಎಳೆಯುವ ಸ್ಟ್ರೆಸ್ ಹಾಗೇ ಇರಲಿ. ಬಾಗಿದ ಮೇಲ್ಮೈ ತಾಗುವಲ್ಲಿ ಒತ್ತಡ ಎಷ್ಟೆಂದು ಹೇಳುವ ಹರ್ಟ್ಸ್ ಲೆಕ್ಕದ ಪ್ರಕಾರ ಗರಿಷ್ಠ ಒತ್ತಡ ಸ್ವಲ್ಪವೂ ಬದಲಾಗುವುದಿಲ್ಲ, ತಾಗುವ ಅಗಲ ಮಾತ್ರ ಎರಡು ಪಟ್ಟಾಗುತ್ತದೆ. ಮೇಲ್ಮೈಯಲ್ಲಿ ಅದೇ ಕೆಂಪು, ಅದೇ ಸಂಖ್ಯೆ. ಒಳಗೆ ಮಾತ್ರ ಮೊದಲು 50 ಮೈಕ್ರಾನ್ ಆಳದಲ್ಲಿದ್ದ ಸ್ಟ್ರೆಸ್ ಈಗ 100 ಮೈಕ್ರಾನ್ ಆಳದಲ್ಲಿದೆ. ಬಿರುಕು ಹುಟ್ಟುವುದು ಮೇಲೆ, ಬೆಳೆಯಬೇಕಾದದ್ದು ಒಳಗೆ. ಒಳಗೆ ಹೋದಂತೆ ಸ್ಟ್ರೆಸ್ ಬೇಗ ಇಳಿದರೆ ಪುಟ್ಟ ಬಿರುಕು ಅಲ್ಲೇ ನಿಂತುಬಿಡಬಹುದು. ನಿಧಾನವಾಗಿ ಇಳಿದರೆ ಅದು ಮುಂದೆ ಹೋಗುತ್ತದೆ, ಅಲ್ವಾ?

ಆಕ್ಸ್‌ಫರ್ಡ್‌ನಲ್ಲಿ 1973ರಲ್ಲಿ ಸಂಶೋಧಕ ಬ್ರಾಮ್‌ಹಾಲ್, 1988ರಲ್ಲಿ ನೋವೆಲ್ ಇದನ್ನು ಪರೀಕ್ಷೆ ಮಾಡಿಯೇ ತೋರಿಸಿದ್ದಾರೆ. ಗರಿಷ್ಠ ಒತ್ತಡ ಒಂದೇ, ಪ್ಯಾಡಿನ ತ್ರಿಜ್ಯ ಬೇರೆ ಬೇರೆ. ತಾಗುವ ಅಗಲ ಚಿಕ್ಕದಿದ್ದಾಗ ತುಂಡುಗಳು ಮುರಿಯದೆ 1 ಕೋಟಿ ಸೈಕಲ್ (ಲೋಡ್ ಏರಿ ಇಳಿಯುವ ಸುತ್ತು) ದಾಟಿದವು. ಒಂದು ಮಿತಿ ಮೀರಿದ ಮೇಲೆ ಬಹಳ ಮೊದಲೇ ಮುರಿದವು. ಆ ಮಿತಿ ಲೋಹದಿಂದ ಲೋಹಕ್ಕೆ, ಲೋಡಿನಿಂದ ಲೋಡಿಗೆ ಬೇರೆಯಾಗುತ್ತದೆ. ಅವರ ಸಂಖ್ಯೆಯನ್ನು ಸುಮ್ನೆ ಎತ್ತಿ ನಿಮ್ಮ ಭಾಗಕ್ಕೆ ಹಾಕಬೇಡಿ.

ಒಂದು ತಂಡ ಸಣ್ಣ ಪರೀಕ್ಷಾ ರಿಗ್‌ನಲ್ಲಿ ಚೆನ್ನಾಗಿ ಓಡಿದ ಡವ್‌ಟೇಲ್ ಜೋಡಣೆಯನ್ನು (ಪಾರಿವಾಳದ ಬಾಲದಂತೆ ಅಗಲವಾಗುವ ತುದಿ ಅದೇ ಆಕಾರದ ತೋಡಿನಲ್ಲಿ ಕೂರುವುದು) ಎಲ್ಲ ಅಳತೆಯಲ್ಲೂ ದೊಡ್ಡದು ಮಾಡಿತು. ಸ್ಟ್ರೆಸ್ ಅಷ್ಟೇ ಇದೆ ಎಂಬ ಧೈರ್ಯ. ಬಿರುಕು ಬಂತು. ಲೋಹವೇ ಸರಿಯಿಲ್ಲ ಎಂದು ಸಪ್ಲೈ ಮಾಡಿದವರ ಜೊತೆ ಜಗಳವೂ ಆಯಿತು. ಲೋಹದಲ್ಲಿ ದೋಷ ಸಿಗಲಿಲ್ಲ. ಕೊನೆಗೆ ತಂಡದ ಅತಿ ಕಿರಿಯ ಹುಡುಗಿ, ಯಾರೂ ಹೇಳದೆಯೇ, ಎರಡೂ ಗಾತ್ರಗಳಲ್ಲಿ ಆಳಕ್ಕೆ ತಕ್ಕಂತೆ ಸ್ಟ್ರೆಸ್ ಹೇಗೆ ಇಳಿಯುತ್ತದೆ ಎಂದು ಗ್ರಾಫ್ ಹಾಕಿ ತಂದಳು. ಅವತ್ತಿನ ಮೀಟಿಂಗ್ ಬೇಗ ಮುಗಿಯಿತು. ಇಂಥವರನ್ನು ಕಂಡರೆ ನನಗೆ ತುಂಬಾ ಖುಷಿ.

ಚೂಪು ಮೂಲೆಯ ಪ್ಯಾಡ್ ಆದರೆ ಕೆಂಪು ಚುಕ್ಕೆಯ ಸಂಖ್ಯೆಗೆ ಅರ್ಥವೇ ಇಲ್ಲ. ಎಲಾಸ್ಟಿಕ್ ಲೆಕ್ಕದಲ್ಲಿ (ಲೋಹ ಶಾಶ್ವತವಾಗಿ ಆಕಾರ ಬದಲಿಸುವುದಿಲ್ಲ ಎಂದು ಹಿಡಿದಾಗ) ಮೆಶ್, ಅಂದರೆ ಲೆಕ್ಕಕ್ಕಾಗಿ ಭಾಗವನ್ನು ಒಡೆದ ತುಣುಕುಗಳ ಜಾಲ, ಸಣ್ಣದು ಮಾಡಿದಷ್ಟೂ ಅದು ಏರುತ್ತಲೇ ಹೋಗುತ್ತದೆ. ನಿಜವಾದ ಭಾಗದಲ್ಲಿ ಅಂಚಿಗೆ ಒಂದಿಷ್ಟು ದುಂಡು ಇದ್ದೇ ಇರುತ್ತದೆ. ಅದನ್ನು ಅಳೆದು ಮಾಡೆಲ್‌ಗೆ ಹಾಕಿ. ತಾಗುವ ಜಾಗದಲ್ಲಿ ಜಾರುವ ಪಟ್ಟಿಯನ್ನೂ ಮರೆಯಬೇಡಿ. ಸಿಲಿಂಡರ್ ಪ್ಯಾಡಿನಲ್ಲಿ ಅಡ್ಡ ಬಲ ಘರ್ಷಣೆಯ ಮಿತಿಯ ಮುಕ್ಕಾಲಕ್ಕೆ ಬಂದಾಗಲೂ ನಡುವಿನ ಅರ್ಧ ಅಗಲ ಅಂಟಿಕೊಂಡೇ ಇರುತ್ತದೆ. ಜಾರುವುದು ಅಂಚುಗಳಲ್ಲಿ. ಮೆಶ್ ಅಲ್ಲಿ ಕೆಲವು ಮೈಕ್ರಾನ್‌ಗಳಷ್ಟು ಸಣ್ಣದಿರಬೇಕು.

ಹಾಗಾಗಿ ಮುಂದಿನ ಸಲ ಚಿತ್ರದ ಜೊತೆ ಅಂಚಿನಿಂದ ಒಳಕ್ಕೆ ಸ್ಟ್ರೆಸ್ ಇಳಿಯುವ ಗ್ರಾಫ್ ಕಳಿಸಿ, ಘರ್ಷಣಾಂಕ ಎಷ್ಟು ಹಿಡಿದಿದ್ದೀರಿ ಎಂದೂ ಬರೆಯಿರಿ. ಸವೆತ ಜಾಸ್ತಿ ಇದ್ದರೆ ಅಂಚಿನ ಆಕಾರವೇ ಬದಲಾಗುತ್ತದೆ, ಮೊದಲ ಸೈಕಲ್‌ನ ಲೆಕ್ಕ ಕೊನೆಯವರೆಗೂ ನಿಲ್ಲುವುದಿಲ್ಲ. ಬಳಸಿ ಬಿಚ್ಚಿದ ಭಾಗ ಇದ್ದರೆ ಅದರ ಅಂಚಿನ ಅಳತೆಯನ್ನೂ ಸೇರಿಸಿ.