ಓದುಗರ ಪ್ರಶ್ನೆ: ಕಡಿಮೆ ದರದ ಕ್ರೇಟಿನ ಟೊಮೆಟೊ ಹಳೇ ಸರಕಾ?

"ಸೂಪರ್‌ಮಾರ್ಕೆಟ್‌ನಲ್ಲಿ ಟೊಮೆಟೊ ಎರಡು ದರಕ್ಕೆ ಇಟ್ಟಿರ್ತಾರೆ. ಕಡಿಮೆ ದರದ್ದು ನಿನ್ನೆ ಮೊನ್ನೆ ಉಳಿದಿದ್ದೇ ಅಲ್ವಾ? ತಗೊಂಡ್ರೆ ಅರ್ಧ ಬಿಸಾಕಬೇಕಾಗುತ್ತೆ, ಕೊನೆಗೆ ನಷ್ಟವೇ ತಾನೆ?"

ಅಲ್ಲ. ಆ ಕ್ರೇಟಿನಲ್ಲಿರುವುದು ಹೆಚ್ಚಿನ ಸಲ ಎರಡನೇ ದರ್ಜೆಯ ಸರಕು, ಹಳೇ ಸರಕಲ್ಲ. ಎಷ್ಟು ಸಲ ಉತ್ತರ ಬರೆದರೂ ಈ ಪ್ರಶ್ನೆ ಹಾಗೇ ತಿರುಗಿ ಬರುತ್ತದೆ. ಅದೂ ಕೋಲಾರ, ಚಿಂತಾಮಣಿ, ಶ್ರೀನಿವಾಸಪುರದ ಕಡೆಯಿಂದ, ಊರ ಸುತ್ತ ಟೊಮೆಟೊ ಬೆಳೆಯುವುದನ್ನು ದಿನಾ ನೋಡುವವರಿಂದ. ಅದಕ್ಕೇ ಈ ಸಲ ತೋಟದಿಂದಲೇ ಶುರು ಮಾಡುತ್ತೇನೆ.

ದರ್ಜೆ ತೀರ್ಮಾನವಾಗುವುದು ಕಾಯಿ ಎಷ್ಟು ದಿನದ್ದು ಅನ್ನುವುದರ ಮೇಲಲ್ಲ; ಗಾತ್ರ, ಬಣ್ಣ, ಆಕಾರದ ಮೇಲೆ. ಕಿತ್ತ ಕಾಯಿಯನ್ನು ಬದುವಿನ ಹತ್ತಿರವೇ ರಾಶಿ ಹಾಕಿ ಆರಿಸುತ್ತಾರೆ. ದಪ್ಪಗೆ, ಒಂದೇ ಸಮ ಇರುವುದು ಒಂದು ಬಾಕ್ಸಿಗೆ. ಸಣ್ಣದು, ಸೊಟ್ಟಗಿರುವುದು, ತೊಟ್ಟಿನ ಹತ್ತಿರ ಒಣಗಿದ ಬಿರುಕಿರುವುದು ಇನ್ನೊಂದು ಬಾಕ್ಸಿಗೆ. ಎರಡೂ ಅದೇ ಗಿಡದ್ದು, ಅದೇ ದಿನ ಕಿತ್ತದ್ದು. ಮಂಡಿಯಲ್ಲಿ 15 ಕೆಜಿ ಬಾಕ್ಸಿನ ಲೆಕ್ಕದಲ್ಲಿ ಹರಾಜು ಕೂಗುವಾಗ ಇವೆರಡಕ್ಕೂ ಬೇರೆ ಬೇರೆ ದರ ಬೀಳುತ್ತದೆ. ಅಂಗಡಿಯಲ್ಲಿ ನಿಮಗೆ ಕಾಣುವ ವ್ಯತ್ಯಾಸ ಹುಟ್ಟುವುದು ಇಲ್ಲಿ.

ಕೋಲಾರದ ಮಂಡಿಯಿಂದ ಉತ್ತರ ಭಾರತಕ್ಕೆ ಲೋಡ್ ಮಾಡುವವರಿಗೆ ಬೇಕಾಗಿರುವುದು ಗಟ್ಟಿ ಸಿಪ್ಪೆಯ ದೋರೆಗಾಯಿ. ಲಾರಿಯಲ್ಲಿ ದಿನಗಟ್ಟಲೆ ಕುಲುಕಿದರೂ ಅದು ತಡೆಯುತ್ತದೆ, ಊರು ಸೇರುವ ಹೊತ್ತಿಗೆ ಕೆಂಪಾಗುತ್ತದೆ. ಗಿಡದಲ್ಲೇ ಪೂರ್ತಿ ಕೆಂಪಾದ ಹಣ್ಣು ಅಷ್ಟು ದೂರ ಹೋಗಲಾರದು, ಹತ್ತಿರದಲ್ಲೇ ಖರ್ಚಾಗಬೇಕು. ಹಾಗಾಗಿ ನಮ್ಮ ಕಡೆ ಅಗ್ಗಕ್ಕೆ ಸಿಗುವುದರಲ್ಲಿ ಒಳ್ಳೇ ಪಾಲು ಗಿಡದಲ್ಲೇ ಮಾಗಿದ ಹಣ್ಣು. ಸಾರಿಗೆ, ಗೊಜ್ಜಿಗೆ ಬೇಕಾಗಿರುವುದೂ ಅದೇ. ಅದನ್ನು ಬಿಟ್ಟು ಎರಡನೇ ದಿನಕ್ಕೂ ಹಣ್ಣಾಗದ ದೋರೆಗಾಯಿಗೆ ಹೆಚ್ಚು ದುಡ್ಡು ಕೊಟ್ಟು ಬರುವವರನ್ನು ನೋಡಿದರೆ ಸಂಕಟವಾಗುತ್ತದೆ.

ಸಣ್ಣದರಲ್ಲಿ ಸತ್ವ ಕಮ್ಮಿ ಅನ್ನುವುದೂ ಸುಳ್ಳು. ಟೊಮೆಟೊಗೆ ಕೆಂಪು ಕೊಡುವ ಲೈಕೋಪಿನ್ ಹಣ್ಣು ಮಾಗಿದಷ್ಟೂ ಹೆಚ್ಚುತ್ತದೆ, ಅದು ದಟ್ಟವಾಗಿರುವುದು ಸಿಪ್ಪೆಯಲ್ಲಿ. ದಪ್ಪ ಕಾಯಿ ಕೆಜಿಗೆ 10-12 ತೂಗಿದರೆ ಸಣ್ಣದು 20-25 ತೂಗುತ್ತದೆ, ಅಂದರೆ ಒಂದು ಕೆಜಿಯಲ್ಲಿ ಸಿಪ್ಪೆಯ ಪಾಲು ಸಣ್ಣದರಲ್ಲೇ ಜಾಸ್ತಿ.

ಹಾಗಾದರೆ ಆ ಕ್ರೇಟಿನಲ್ಲಿ ಕೊಳೆತದ್ದು ಯಾಕೆ ಸಿಗುತ್ತದೆ? ಮುಖ್ಯ ಕಾರಣ ಹೆಬ್ಬೆರಳು. ಬಂದವರೆಲ್ಲ ಒಂದೊಂದು ಹಣ್ಣನ್ನೂ ಒತ್ತಿ ನೋಡಿ ವಾಪಸ್ ಹಾಕುತ್ತಾರೆ. ಒತ್ತಿದ ಕಡೆ ಒಳಗಿನ ತಿರುಳು ಜಜ್ಜಿಹೋಗಿ, ಕೆಲವೇ ಗಂಟೆಯಲ್ಲಿ ನೀರು ಬಿಡುತ್ತದೆ, ಪಕ್ಕದ್ದನ್ನೂ ಒದ್ದೆ ಮಾಡುತ್ತದೆ. ದಯವಿಟ್ಟು ಒತ್ತಬೇಡಿ. ಹಣ್ಣನ್ನು ತಿರುಗಿಸಿ ತೊಟ್ಟು ನೋಡಿ. ತೊಟ್ಟಿನ ಎಸಳು ಹಸಿರಾಗಿದ್ದರೆ ಹೊಸದು. ಎಸಳು ಉದುರಿದ್ದರೆ ತೊಟ್ಟಿನ ಗುಳಿ ನೋಡಿ: ಒಣಗಿದ್ದರೆ ಸರಿ, ಒದ್ದೆಯಾಗಿ ಸುತ್ತ ಕಪ್ಪಾಗಿದ್ದರೆ ಬೇಡ. ಬಿರುಕು ಒಣಗಿ ಕಂದಾಗಿದ್ದರೆ ಅದು ಗಿಡದಲ್ಲೇ ಬಿಟ್ಟು ಮಾಯ್ದದ್ದು, ಭಯವಿಲ್ಲ. ಬಿರುಕಿನಲ್ಲಿ ಬಿಳಿ ಬೂಷ್ಟು ಕಂಡರೆ ಬಿಟ್ಟುಬಿಡಿ. ಸರಕು ಆಗತಾನೇ ಸುರಿದಿರುವ ಹೊತ್ತಿಗೆ ಹೋದರೆ ಇನ್ನೂ ಒಳ್ಳೆಯದು, ಅಷ್ಟು ಕೈ ಬಿದ್ದಿರುವುದಿಲ್ಲ.

ನಿಜವಾಗಿ ಹಳೆಯದಾಗಿ ಅಗ್ಗವಾದದ್ದೂ ಇರುತ್ತದೆ, ಆದರೆ ಅದರ ಚಹರೆಯೇ ಬೇರೆ. ತಟ್ಟೆಯಲ್ಲಿ ಪ್ಲಾಸ್ಟಿಕ್ ಸುತ್ತಿ, ದರ ತಿದ್ದಿದ ಚೀಟಿ ಅಂಟಿಸಿ, ಸಾಮಾನ್ಯವಾಗಿ ಸಂಜೆ ಮೇಲೆ ಇಡುತ್ತಾರೆ. ಅದನ್ನು ಅಡಿಮೇಲು ಮಾಡಿ ನೋಡಿ. ಒಳಗೆ ಹನಿ ಕಟ್ಟಿದ್ದರೆ, ತಳದಲ್ಲಿ ರಸ ನಿಂತಿದ್ದರೆ ಎಷ್ಟು ಅಗ್ಗವಾದರೂ ಬೇಡ. ಚೆನ್ನಾಗಿದ್ದರೆ ತಂದು ಅದೇ ರಾತ್ರಿ ಅಡುಗೆಗೆ ಹಾಕಿ. ತೂಕವನ್ನೂ ಓದಿ: 400 ಗ್ರಾಂ ತಟ್ಟೆಗೆ 20 ರೂಪಾಯಿ ಅಂದರೆ ಕೆಜಿಗೆ 50 ಬಿತ್ತು. ಹೆಚ್ಚಿಟ್ಟ ಕಲ್ಲಂಗಡಿ, ಪರಂಗಿಯನ್ನು ಫ್ರಿಜ್ಜಿನ ಹೊರಗೆ ಇಟ್ಟಿದ್ದರೆ ಮುಟ್ಟಲೇಬೇಡಿ.

ನಷ್ಟದ ಲೆಕ್ಕ ಸುಲಭ. ಅಗ್ಗದ್ದು ಕೆಜಿಗೆ 20, ದುಬಾರಿಯದ್ದು 32 ಅನ್ನಿ. ಅಗ್ಗದ್ದರಲ್ಲಿ 200 ಗ್ರಾಂ ಬಿಸಾಕಿದರೂ ಉಳಿದ 800 ಗ್ರಾಂ ನಿಮಗೆ ಕೆಜಿಗೆ 25ರಂತೆ ಬಿತ್ತು. 375 ಗ್ರಾಂ ಬಿಸಾಕಿದಾಗ ಮಾತ್ರ ಎರಡೂ ಸಮವಾಗುತ್ತವೆ, ಅದೂ ದುಬಾರಿಯದ್ದರಲ್ಲಿ ಒಂದು ಚೂರೂ ಹಾಳಾಗದಿದ್ದರೆ. ತೊಟ್ಟು ನೋಡಿ ಆರಿಸಿ ತಂದ ಟೊಮೆಟೊದಲ್ಲಿ ಅಷ್ಟು ಹಾಳಾಗುವುದಿಲ್ಲ.

ಎಲ್ಲ ತರಕಾರಿಗೂ ಈ ಮಾತು ಹೊಂದುವುದಿಲ್ಲ, ಅದನ್ನೂ ಹೇಳಬೇಕು. ಈರುಳ್ಳಿ, ಬೆಳ್ಳುಳ್ಳಿ, ದಾಳಿಂಬೆಯಲ್ಲಿ ಸಣ್ಣದು ನಿಜಕ್ಕೂ ನಷ್ಟ. ತೂಕದಲ್ಲಿ ಸಿಪ್ಪೆಯೇ ಹೆಚ್ಚು ಬರುತ್ತದೆ. ಹುರುಳಿಕಾಯಿ, ಬೆಂಡೆಕಾಯಿಯಲ್ಲಿ ಅಗ್ಗದ್ದು ಅಂದರೆ ಬಲಿತದ್ದು ಇರಬಹುದು: ಹುರುಳಿಕಾಯಿ ಮುರಿದಾಗ ಪಟ್ಟನೆ ಮುರಿಯಬೇಕು, ನಾರು ಎಳೆಯಬಾರದು. ಸೊಪ್ಪಿಗಂತೂ ಎರಡನೇ ದರ್ಜೆ ಅನ್ನುವುದೇ ಇಲ್ಲ, ತಾಜಾ ಇದ್ದರೆ ತಗೊಳ್ಳಿ, ಹಳದಿಯಾಗಿದ್ದರೆ ಬಿಡಿ. ಆಲೂಗಡ್ಡೆ ಸಣ್ಣದಿರಲಿ, ಸೊಟ್ಟಗಿರಲಿ, ಪರವಾಗಿಲ್ಲ. ಹಸಿರು ತಿರುಗಿದ್ದರೆ ಮಾತ್ರ ಬೇಡವೇ ಬೇಡ. ಅದರಲ್ಲಿ ಸೊಲನಿನ್ ಎಂಬ ವಿಷ ಹೆಚ್ಚಿರುತ್ತದೆ, ಬೇಯಿಸಿದರೂ ಹೋಗುವುದಿಲ್ಲ.

ಹಣ್ಣಿನಲ್ಲಿ ಗೊನೆಯಿಂದ ಉದುರಿದ ದ್ರಾಕ್ಷಿ ಅಗ್ಗಕ್ಕೆ ಸಿಗುತ್ತದೆ. ಚಿಕ್ಕಬಳ್ಳಾಪುರದ ಕಡೆಯ ಬೆಂಗಳೂರು ನೀಲಿ ದ್ರಾಕ್ಷಿಯಾದರೆ ಜ್ಯೂಸಿಗೆ ಅದೇ ಸಾಕು. ಕಾಯಿ ಕಿತ್ತುಬಂದ ಜಾಗ ಒಣಗಿರಬೇಕು, ಒಂದೆರಡು ದಿನದಲ್ಲಿ ಖಾಲಿಯಾಗಬೇಕು. ಹುಳಿ ದ್ರಾಕ್ಷಿ ಮನೆಯಲ್ಲಿಟ್ಟರೆ ಸಿಹಿಯಾಗುತ್ತದೆ ಅಂತ ಕಾಯಬೇಡಿ, ಕಿತ್ತ ಮೇಲೆ ದ್ರಾಕ್ಷಿ ಮಾಗುವುದಿಲ್ಲ. ಚಿಪ್ಪಿನಿಂದ ಬಿಡಿಯಾದ ಬಾಳೆಹಣ್ಣು ಕತ್ತಿನಲ್ಲಿ ಸಿಪ್ಪೆ ಹರಿದಿರದಿದ್ದರೆ ತಗೊಳ್ಳಿ.

ಇಷ್ಟೆಲ್ಲ ನೋಡಿ ತಂದದ್ದು ಮನೆಯಲ್ಲೇ ಹಾಳಾಗುವುದೂ ಉಂಟು. ಅದನ್ನು ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ, ಏಕೆಂದರೆ ಬೈಗುಳ ಮಾತ್ರ ಅಗ್ಗದ ಸರಕಿಗೆ ಬೀಳುತ್ತದೆ. ತಂದ ತಕ್ಷಣ ಪ್ಲಾಸ್ಟಿಕ್ ಕವರಿನಿಂದ ತೆಗೆದು ಬಟ್ಟೆಯ ಮೇಲೆ ಹರಡಿ, ಒಡೆದದ್ದನ್ನು ಬೇರೆ ಮಾಡಿ. ತೊಳೆದು ಇಡಬೇಡಿ, ಬಳಸುವಾಗ ತೊಳೆಯಿರಿ. ದೋರೆಗಾಯಿಯನ್ನು ಫ್ರಿಜ್ಜಿಗೆ ಹಾಕಬೇಡಿ: 12-13 ಡಿಗ್ರಿಗಿಂತ ಕೆಳಗೆ ಅದು ಸರಿಯಾಗಿ ಹಣ್ಣಾಗುವುದಿಲ್ಲ, ಆಮೇಲೆ ಹೊರಗಿಟ್ಟರೂ ಮಚ್ಚೆ ಮಚ್ಚೆಯಾಗಿ ಮೆತ್ತಗಾಗುತ್ತದೆ. ತೊಟ್ಟು ಕೆಳಮುಖ ಮಾಡಿ ಹೊರಗೇ ಜೋಡಿಸಿಡಿ. ಪೂರ್ತಿ ಕೆಂಪಾದದ್ದನ್ನು ಮೂರ್ನಾಲ್ಕು ದಿನ ಫ್ರಿಜ್ಜಿನಲ್ಲಿಡಬಹುದು, ಸಾರಿಗೆ ಹಾಕುವ ಹಣ್ಣಿಗೆ ಅದರಿಂದ ತೊಂದರೆಯಿಲ್ಲ. ಆಲೂಗಡ್ಡೆ ಮಾತ್ರ ಫ್ರಿಜ್ಜಿನಲ್ಲಿ ಬೇಡ, ಪಿಷ್ಟ ಸಕ್ಕರೆಯಾಗಿ ಪಲ್ಯ ಸಿಹಿಯಾಗುತ್ತದೆ, ಕರಿದರೆ ಕಪ್ಪಾಗುತ್ತದೆ. ಕತ್ತಲೆ ಮೂಲೆಯಲ್ಲಿ, ಗಾಳಿಯಾಡುವ ಬುಟ್ಟಿಯಲ್ಲಿ, ಈರುಳ್ಳಿಯಿಂದ ದೂರ ಇಡಿ.